ಚಳಿಗಾಲಕ್ಕೆ ಕರಿಬೇವು ಒಳಗೆ ತರುವುದು ಯಾವಾಗ, ಹೇಗೆ?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನವರೇ. ನ್ಯೂಜೆರ್ಸಿಯ ಒಂದು ನರ್ಸರಿಯಲ್ಲಿ ಗ್ರೀನ್‌ಹೌಸ್ ನೋಡಿಕೊಳ್ಳುತ್ತಾರೆ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಮಸ್ಕಾರ ಅಣ್ಣಾ. ಆರು ವರ್ಷ ಸಾಕಿದ್ದ ಕರಿಬೇವು ಹೋದ ಚಳಿಗಾಲದಲ್ಲಿ ಹೋಗಿಬಿಟ್ಟಿತು. ನವೆಂಬರ್‌ನಲ್ಲಿ ಒಳಗೆ ತಂದು ಹೀಟರ್ ಪಕ್ಕ ಇಟ್ಟಿದ್ದೆ, ಬೆಚ್ಚಗಿರಲಿ ಅಂತ. ಹದಿನೈದೇ ದಿನಕ್ಕೆ ಎಲೆ ಹಳದಿಯಾಗಿ ಪೂರ್ತಿ ಉದುರಿತು. ದಿನಾ ನೀರು ಹಾಕಿದೆ, ಗೊಬ್ಬರ ಕೊಟ್ಟೆ, ದೊಡ್ಡ ಪಾಟ್‌ಗೂ ಬದಲಾಯಿಸಿದೆ. ಫೆಬ್ರವರಿಯಲ್ಲಿ ಎಸೆದೆವು. ಈಗ ಎರಡಡಿ ಎತ್ತರದ ಹೊಸ ಗಿಡ ಇದೆ. ರಾತ್ರಿ 52 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುತ್ತಿದೆ. ಯಾವಾಗ ಒಳಗೆ ತರಲಿ? ತುಳಸಿ, ಡೇಲಿಯಾ, ಕೆಸು ಕೂಡ ಇವೆ.

ಉತ್ತರ: ನಮಸ್ಕಾರ ಅಕ್ಕಾ. ಈ ವಾರವೇ ತನ್ನಿ. ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್ ಮುಟ್ಟುವ ಮೊದಲೇ ಕರಿಬೇವು ಒಳಗಿರಬೇಕು. ನಿಮ್ಮ ಕಡೆ ಮೊದಲ ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಷ್ಟು ಥಂಡಿ, ಬೀಳುವುದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ನಂತರ. ಅಲ್ಲಿವರೆಗೆ ಕಾಯಬೇಡಿ. ನವೆಂಬರ್ ಹೊತ್ತಿಗೆ ಮನೆಯಲ್ಲಿ ಹೀಟಿಂಗ್ ಜೋರಾಗಿರುತ್ತದೆ. ಹೊರಗಿನ ಥಂಡಿಯಿಂದ ಒಮ್ಮೆಲೇ ಆ ಒಣ ಬಿಸಿಗೆ ಬಂದರೆ ಗಿಡಕ್ಕೆ ತಡೆಯಲಾಗುವುದಿಲ್ಲ.

ಹಳೆಯ ಗಿಡದ ವಿಷಯ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎಲೆ ಉದುರಿದ ದಿನ ಅದು ಬಹುಶಃ ಸತ್ತಿರಲಿಲ್ಲ. ಹೀಟರ್ ಗಾಳಿ ಎಲೆಯಿಂದ ನೀರು ಎಳೆದುಕೊಳ್ಳುತ್ತದೆ. ಥಂಡಿ ನೆಲದ ಮೇಲಿರುವ ಪಾಟ್‌ನಲ್ಲಿ ಬೇರು ಅಷ್ಟು ಬೇಗ ನೀರು ಹೀರುವುದಿಲ್ಲ. ಆಗ ಗಿಡ ಎಲೆ ಬಿಟ್ಟು ತನ್ನನ್ನು ಉಳಿಸಿಕೊಳ್ಳುತ್ತದೆ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ತೀರಾ ಕಡಿಮೆ. ಆ ಹೊತ್ತಿಗೆ ನೀವು ದಿನಾ ನೀರು ಹಾಕಿದಿರಿ. ದೊಡ್ಡ ಪಾಟ್‌ನ ಜಾಸ್ತಿ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿದಿರುತ್ತದೆ. ಬೇರು ಕೊಳೆತದ್ದು ಅದರಿಂದ. ನರ್ಸರಿಗೆ ಪ್ರತಿ ಮಾರ್ಚ್‌ನಲ್ಲಿ ಜನ ಇಂಥ ಗಿಡ ತರುತ್ತಾರೆ. ಚಳಿಯಿಂದ ಸತ್ತದ್ದಕ್ಕಿಂತ ನೀರಿನಿಂದ ಸತ್ತದ್ದೇ ಜಾಸ್ತಿ ನೋಡಿದ್ದೇನೆ. ಎಲ್ಲರೂ ಪ್ರೀತಿಯಿಂದಲೇ ಹಾಕಿರುತ್ತಾರೆ.

ಹಾಗಾಗಿ ಈ ಸಲ ಪಾಟ್ ಬದಲಾಯಿಸಬೇಡಿ, ಗೊಬ್ಬರ ಈಗಲೇ ನಿಲ್ಲಿಸಿ. ದಕ್ಷಿಣದ ಕಿಟಕಿ ಇದ್ದರೆ ಅಲ್ಲಿಡಿ. ಎಲೆ ಗಾಜಿಗೆ ತಾಗಬಾರದು, ಜನವರಿ ರಾತ್ರಿ ಗಾಜು ಮಂಜಿನಷ್ಟು ತಣ್ಣಗಿರುತ್ತದೆ. ಪಾಟ್ ಕೆಳಗೆ ಒಂದು ಮರದ ಹಲಗೆ ಕೊಡಿ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ ಹಾಕಿ. ಎಲೆ ಇರುವ ಗಿಡಕ್ಕೆ ಹತ್ತು ದಿನಕ್ಕೊಮ್ಮೆ ಬೇಕಾಗಬಹುದು, ಎಲೆ ಉದುರಿದ್ದಕ್ಕೆ ಮೂರು ವಾರಕ್ಕೊಮ್ಮೆ ಸಾಕು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಎಲೆ ಉದುರಿದರೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಮೇಲೆ ಕಂದಾಗಿದ್ದರೆ ಕೆಳಗೆ ಕೆರೆಯಿರಿ, ಬುಡದವರೆಗೂ ನೋಡಿ. ಮೇ ತಿಂಗಳವರೆಗೆ ಯಾವ ಕರಿಬೇವನ್ನೂ ಎಸೆಯಬೇಡಿ.

ಪ್ರಶ್ನೆ (ಶಿಕಾಗೋ ಹತ್ತಿರದಿಂದ): ಸರ್, ನಮ್ಮದು ಅಪಾರ್ಟ್‌ಮೆಂಟ್. ಇರುವ ಕಿಟಕಿ ಎಲ್ಲಾ ಉತ್ತರಕ್ಕೆ. ಕರಿಬೇವಿಗೆ ಗ್ರೋ ಲೈಟ್ ಬೇಕೇ ಬೇಕಾ? ಸುಮ್ನೆ ಬೇಸ್‌ಮೆಂಟ್‌ನ ಸ್ಟೋರೇಜ್‌ನಲ್ಲಿ ಇಟ್ಟರೆ ಆಗಲ್ವಾ?

ಉತ್ತರ: ಎರಡು ದಾರಿ ಇದೆ, ಒಂದನ್ನು ಆರಿಸಿಕೊಳ್ಳಿ. ಎಲೆ ಉಳಿಸಬೇಕೆಂದರೆ ಬೆಳಕು ಬೇಕು. ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಹಗಲು 9 ಗಂಟೆ ಚಿಲ್ಲರೆ ಮಾತ್ರ. ಬೆಂಗಳೂರಿನಲ್ಲಿ ಅದೇ ತಿಂಗಳು 11 ಗಂಟೆಗೂ ಜಾಸ್ತಿ ಬಿಸಿಲಿನ ಹೊತ್ತು ಇರುತ್ತದೆ. ಉತ್ತರದ ಕಿಟಕಿಯ ಬೆಳಕು ಏನೇನೂ ಸಾಲದು. ಸಾಧಾರಣ ಎಲ್‌ಇಡಿ ಗ್ರೋ ಲೈಟ್ ಒಂದನ್ನು ಗಿಡದ ತುದಿಯಿಂದ ಒಂದಡಿ ಮೇಲೆ ಕಟ್ಟಿ, ಟೈಮರ್ ಹಾಕಿ 12ರಿಂದ 14 ಗಂಟೆ ಉರಿಸಿ.

ಅದು ಬೇಡ ಅಂದರೆ ಮಲಗಿಸಿಬಿಡಿ. ಬೇಸ್‌ಮೆಂಟ್ 45ರಿಂದ 55 ಡಿಗ್ರಿ ಇದ್ದರೆ ಗಿಡ ಎಲೆ ಬಿಟ್ಟು ನಿದ್ದೆ ಹೋಗುತ್ತದೆ. ತಿಂಗಳಿಗೆ ಒಂದು ಲೋಟ ನೀರು ಸಾಕು, ಬೇರು ಪೂರ್ತಿ ಒಣಗದಷ್ಟು. ಕಾಂಡ ಬೆರಳು ದಪ್ಪವಾಗಿರುವ ಗಿಡ ಹೀಗೆ ಚೆನ್ನಾಗಿ ತಡೆಯುತ್ತದೆ. ಈ ವರ್ಷ ಬೀಜದಿಂದ ಎದ್ದ ಎಳೆಯ ಸಸಿಗೆ ಮಾತ್ರ ಇದು ಬೇಡ. ಕತ್ತಲು ಜೊತೆಗೆ 70 ಡಿಗ್ರಿ ಬೆಚ್ಚಗೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ಗಿಡ ನಿದ್ದೆಯೂ ಮಾಡದೆ, ಬೆಳೆಯಲೂ ಆಗದೆ ಸೊರಗುತ್ತದೆ.

ಎಡಿಸನ್ ಅಕ್ಕ: ಅಣ್ಣಾ, ತುಳಸಿ ಮತ್ತು ಗೆಡ್ಡೆಗಳದ್ದು ಹೇಳಲಿಲ್ಲ.

ಉತ್ತರ: ತುಳಸಿ ಕಷ್ಟ. ದೊಡ್ಡ ಗಿಡ ಒಳಗೆ ತಂದರೆ ಹೆಚ್ಚಿನವು ಕಡ್ಡಿಯಾಗುತ್ತವೆ. ಈಗಲೇ ಹೂ ಬಿಡದ ಕುಡಿ ನಾಲ್ಕು ಚಿವುಟಿ ನೀರಲ್ಲಿಡಿ, ಎರಡು ವಾರದೊಳಗೆ ಬೇರು ಬರುತ್ತದೆ. ಸಣ್ಣ ಪಾಟ್‌ಗೆ ನೆಟ್ಟು ಲೈಟ್ ಕೆಳಗೆ ಇಡಿ. ಒಣಗಿದ ಕದಿರಿನಿಂದ ಬೀಜವನ್ನೂ ಉದುರಿಸಿ ಕಾಗದದ ಪೊಟ್ಟಣದಲ್ಲಿ ತೆಗೆದಿಡಿ. ದೇವರ ಮುಂದಿನ ಗಿಡ ಹೋಯಿತೆಂದು ಅಳುವವರನ್ನು ನೋಡಿದ್ದೇನೆ. ಅದೇ ಗಿಡದ ಬೀಜ ಕೈಯಲ್ಲಿದ್ದರೆ ಮನಸ್ಸಿಗೆ ಎಷ್ಟೋ ಸಮಾಧಾನ.

ಡೇಲಿಯಾ ಸುಲಭ. ಮೊದಲ ಫ್ರಾಸ್ಟ್‌ಗೆ ಎಲೆ ಕಪ್ಪಾಗಲಿ. ಆಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಗೆಡ್ಡೆ ಗಾಯವಾಗದಂತೆ ಅಗೆಯಿರಿ. ಎರಡು ಮೂರು ದಿನ ನೆರಳಲ್ಲಿ ಆರಿಸಿ, ಸ್ವಲ್ಪವೇ ತೇವ ಇರುವ ಪೀಟ್ ಮಾಸ್‌ನಲ್ಲಿ (ಒಣಗಿಸಿದ ಪಾಚಿಯ ಪುಡಿ) ಮುಚ್ಚಿ 40ರಿಂದ 50 ಡಿಗ್ರಿ ಇರುವ ಕಡೆ ಇಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಕೊಳೆತದ್ದನ್ನು ಎಸೆಯಿರಿ.

ಕೆಸುವಿಗೂ ಹೀಗೇ, ಆದರೆ ಇನ್ನೂ ಸ್ವಲ್ಪ ಬೆಚ್ಚಗೆ, 50 ಡಿಗ್ರಿ ಆಸುಪಾಸು. ಪತ್ರೊಡೆಗೆ ಎಲೆ ಬೇಕಿದ್ದರೆ ಅದನ್ನು ಫ್ರಾಸ್ಟ್‌ಗೆ ಮೊದಲೇ ಕೊಯ್ದುಕೊಳ್ಳಿ. ಅರಿಸಿನ, ಶುಂಠಿ ಇದ್ದವರು ಗಮನಿಸಿ: ಅವು ಇಷ್ಟು ಥಂಡಿ ತಡೆಯುವುದಿಲ್ಲ. 55 ಡಿಗ್ರಿಗಿಂತ ಕೆಳಗೆ ಹೋಗಲು ಬಿಡಬೇಡಿ. ಪಾಟ್‌ನಲ್ಲೇ ಇದ್ದರೆ ಎಲೆ ಒಣಗಿದ ಮೇಲೆ ನೀರು ನಿಲ್ಲಿಸಿ, ಪಾಟ್ ಸಮೇತ ಮನೆಯೊಳಗೆ ಒಂದು ಮೂಲೆಗಿಡಿ.

ಪ್ರಶ್ನೆ (ಪೆನ್ಸಿಲ್ವೇನಿಯಾ): ಒಳಗೆ ತಂದ ಮೇಲೆ ಪ್ರತಿ ವರ್ಷ ಬಿಳಿ ಹತ್ತಿಯಂಥ ಹುಳ, ಎಲೆಯ ಮೇಲೆ ಅಂಟು. ಫ್ಲಾರಿಡಾದ ಅಣ್ಣನ ಮನೆಯಿಂದ ಹೊಸ ಗಿಡವೇ ತರೋಣ ಅನ್ನಿಸಿದೆ.

ಉತ್ತರ: ಫ್ಲಾರಿಡಾದಿಂದ ತರಬೇಡಿ ಮೇಡಂ. ಕಿತ್ತಳೆ, ನಿಂಬೆ ಗಿಡಗಳಿಗೆ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಎಂಬ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಕರಿಬೇವು ಕೂಡ ನಿಂಬೆಯ ಕುಟುಂಬದ್ದೇ. ಅದಕ್ಕೇ ಅಲ್ಲಿಂದ ಗಿಡ ಸಾಗಿಸಲು ಕಟ್ಟುನಿಟ್ಟಿನ ಕಾನೂನು ಇದೆ. ನಿಮ್ಮ ಊರಿನ ನರ್ಸರಿಯಿಂದಲೇ ಕೊಳ್ಳಿ.

ನೀವು ಹೇಳುತ್ತಿರುವುದು ಹಿಟ್ಟು ತಿಗಣೆ. ಹೊರಗೆ ಮಳೆ, ಗಾಳಿ, ಬೇರೆ ಹುಳಗಳು ಅದನ್ನು ಹತೋಟಿಯಲ್ಲಿಡುತ್ತವೆ. ಒಳಗೆ ಅದಕ್ಕೆ ಯಾರ ಭಯವೂ ಇಲ್ಲ. ಅದಕ್ಕೆ ಮದ್ದು ಒಳಗೆ ತರುವ ಮೊದಲೇ ಆಗಬೇಕು. ಎಲೆಯ ಕೆಳಭಾಗಕ್ಕೂ ತಾಗುವ ಹಾಗೆ ಪೈಪ್‌ನಲ್ಲಿ ತೊಳೆಯಿರಿ. ಪಾಟನ್ನು ಬಕೆಟ್ ನೀರಲ್ಲಿ ಹದಿನೈದು ನಿಮಿಷ ಮುಳುಗಿಸಿಡಿ, ಇರುವೆಗಳು ಹೊರಗೆ ಬರುತ್ತವೆ. ಆಮೇಲೆ ಇನ್ಸೆಕ್ಟಿಸೈಡಲ್ ಸೋಪ್ (ಹುಳ ಕೊಲ್ಲುವ ಸೋಪಿನ ದ್ರಾವಣ) ಹೊಡೆದು, ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ಅಡುಗೆಗೆ ಎಲೆ ಕೀಳುವ ಗಿಡವಾದ್ದರಿಂದ ಡಬ್ಬಿಯ ಮೇಲೆ ತಿನ್ನುವ ಗಿಡಕ್ಕೆ ಬಳಸಬಹುದು ಎಂದು ಬರೆದಿರುವುದನ್ನೇ ತನ್ನಿ. ಒಳಗೆ ಬಂದ ಮೇಲೆ ಒಂದೆರಡು ಕಂಡರೆ ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಶಿಕಾಗೋ: ಸರ್, ಮತ್ತೆ ಹೊರಗೆ ಇಡುವುದು ಯಾವಾಗ?

ಉತ್ತರ: ರಾತ್ರಿ 50ರ ಮೇಲೆ ನಿಂತ ಮೇಲೆ. ನಿಮ್ಮ ಕಡೆ ಮೇ ಕೊನೆ ಅಂದುಕೊಳ್ಳಿ. ನೇರ ಬಿಸಿಲಿಗೆ ಇಡಬೇಡಿ, ಒಳಗೆ ಚಿಗುರಿದ ಎಲೆ ಒಂದೇ ಮಧ್ಯಾಹ್ನಕ್ಕೆ ಸುಟ್ಟು ಬಿಳಿಚುತ್ತದೆ. ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು. ಪಾಟ್ ಬದಲಾಯಿಸಲು, ಗೊಬ್ಬರ ಶುರು ಮಾಡಲು ಅದೇ ಸರಿಯಾದ ಹೊತ್ತು.

ಎಡಿಸನ್ ಅಕ್ಕ: ಅಣ್ಣಾ, ಇವತ್ತು ಸಂಜೆಯೇ ತೊಳೆದು ಒಳಗೆ ತಂದೆ. ಹಲಗೆ ಮೇಲೆ ಇಟ್ಟಿದ್ದೇನೆ. ಹಳೆಯದನ್ನು ನೆನೆದು ಹೊಟ್ಟೆ ಉರಿಯಿತು, ಆದರೆ ಈಗ ಗೊತ್ತಾಯಿತು. ಚಳಿಗಾಲದಲ್ಲಿ ಒಗ್ಗರಣೆಗೆ ಇದರಿಂದ ಎಲೆ ಕೀಳಬಹುದಾ?

ಉತ್ತರ: ಎರಡಡಿ ಗಿಡ ಅಲ್ವಾ, ಈ ಚಳಿಗಾಲ ಅದನ್ನು ಮುಟ್ಟಬೇಡಿ ಅಕ್ಕಾ. ಇರುವ ಒಂದೊಂದು ಎಲೆಯೂ ಅದಕ್ಕೆ ಬೇಕು. ಅಂಗಡಿಯಿಂದ ಒಂದು ಕಟ್ಟು ತಂದು, ತೊಳೆದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ, ಗಾಳಿ ತೆಗೆದ ಜಿಪ್‌ಲಾಕ್ ಚೀಲದಲ್ಲಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಕರಗಲು ಬಿಡದೆ ನೇರ ಎಣ್ಣೆಗೆ ಹಾಕಿ. ಕರಗಿದರೆ ಕಪ್ಪಾಗುತ್ತದೆ, ಘಮವೂ ಹೋಗುತ್ತದೆ. ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ.