ಸಹಾಯ ಬೇಕು: ಹುಡುಗ ಹೇಳಿದ್ದನ್ನು ಅವನ ಅಮ್ಮನಿಗೆ ಹೇಳಬೇಕಾ?

ಎಲ್ಲರಿಗೂ ವಂದನೆ. ಬೆಂಗಳೂರಿನ ಲಿಂಗರಾಜಪುರದ ಕಡೆ ಒಂದು ಕನ್ನಡ ಸಭೆಯಲ್ಲಿ (ಚರ್ಚಲ್ಲಿ) ಯೌವನಸ್ಥರ ಕೂಟ ನೋಡಿಕೊಳ್ಳುತ್ತೇನೆ.

ನಮ್ಮಲ್ಲಿ ಗಿಟಾರ್ ನುಡಿಸೋ ಹುಡುಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಎರಡು ತಿಂಗಳಿಂದ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುತ್ತಾನೆ. ಗಿಟಾರ್ ತಂತಿ ಕಿತ್ತಿದೆ, ಹಾಕಿಸಿಲ್ಲ. ಹೋದ ಭಾನುವಾರ ನಾನು ಮೈಕ್ ವೈರ್ ಸುತ್ತುತ್ತಿದ್ದಾಗ ಬಂದು ಹೇಳಿದ. ಅಪ್ಪನ ಕೆಲಸ ಹೋಗಿದೆ, ದಿನಾ ಕುಡಿತ, ರಾತ್ರಿಯೆಲ್ಲ ಜಗಳ. "ಓದಿದ್ದು ತಲೆಗೆ ಹತ್ತಲ್ಲ ಅಣ್ಣಾ. ಯಾರಿಗಾದ್ರೂ ಹೇಳಿದ್ರೆ ನಾನು ಚರ್ಚಿಗೇ ಬರಲ್ಲ."

ಜೀವಕ್ಕೆ ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ ತಾನೇ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಟ್ಟೆ. ಇನ್ನೂ ಮಾಡಿಲ್ಲ. ಮನೆ ಪ್ರಾರ್ಥನೆ ನೆಪದಲ್ಲಿ ಹೋಗಿ ಬಂದೆ. ಅಪ್ಪ ಇಸ್ತ್ರಿ ಶರ್ಟ್ ಹಾಕಿ ತಾವೇ ಕಾಫಿ ಕೊಟ್ಟು ಕ್ರಿಕೆಟ್ ಮಾತಾಡಿದರು. ಬೈಬಲಿನ ಎಫೆಸ 6:4 (ತಂದೆಗಳೇ, ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅನ್ನೋ ವಚನ) ಓದೋಣ ಅಂತ ಗುರುತು ಇಟ್ಟುಕೊಂಡು ಹೋಗಿದ್ದೆ, ಧೈರ್ಯ ಬರಲಿಲ್ಲ. ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಇದೆ, ಆದರೆ ಅವರಿಗೆ ಹೇಳೋದು ಯಾರು?

ಅವನ ಅಪ್ಪ ಸಭೆಯ ಕಮಿಟಿಯಲ್ಲೂ ಇದ್ದಾರೆ. ಪ್ರಾರ್ಥನಾ ವಿಷಯ ಅಂತ ಎತ್ತಿದರೆ ಸಂಜೆಯೊಳಗೆ ಎಲ್ಲರ ಬಾಯಲ್ಲಿ, ಗೊತ್ತಲ್ವಾ. ಅಯ್ಯನವರಿಗೂ (ನಮ್ಮ ಪಾಸ್ಟರ್‌ಗೂ) ಅದಕ್ಕೇ ಇನ್ನೂ ಹೇಳಿಲ್ಲ.

ಯೂತ್ ಕೆಲಸದಲ್ಲಿ ಇರುವವರು ಹೇಳಿ: ಹುಡುಗನನ್ನು ಒಪ್ಪಿಸಿ ಮೊದಲು ಅವನ ಅಮ್ಮನ ಹತ್ತಿರ ಮಾತಾಡಲಾ, ಅಯ್ಯನವರ ಹತ್ತಿರವಾ? ಅವನು ಒಪ್ಪದೇ ಹೋದರೆ ಎಷ್ಟು ದಿನ ಸುಮ್ಮನಿರಬಹುದು?