ಓಡುವ ಟ್ಯಾಂಕ್‌ಗಳ ನಡುವೆ ಮಾತು ಹೇಗೆ ಸಾಗುತ್ತದೆ?

ಪ್ರಶ್ನೆ: ಮಗಳು ಕಾಲೇಜು ಪ್ರಾಜೆಕ್ಟ್‌ಗೆ ಮ್ಯಾನೆಟ್ (ಟವರ್ ಇಲ್ಲದೆ, ಓಡಾಡುವ ರೇಡಿಯೋಗಳೇ ತಮ್ಮತಮ್ಮಲ್ಲಿ ಕಟ್ಟಿಕೊಳ್ಳುವ ನೆಟ್‌ವರ್ಕ್) ತಗೊಂಡಿದ್ದಾಳೆ. ಮರುಭೂಮಿಯಲ್ಲಿ ಟವರ್ ಇಲ್ಲ, ಗಾಡಿಗಳು ನಿಲ್ಲುವುದೂ ಇಲ್ಲ. ನೆಟ್‌ವರ್ಕ್ ಹೇಗೆ ಉಳಿಯುತ್ತದೆ?

ಉತ್ತರ 1: ನಾನು ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿದ್ದವನು. ರಾಜಸ್ಥಾನದಲ್ಲಿ ನಮ್ಮ ಗಾಡಿ ಮರಳುದಿಬ್ಬದ ಹಿಂದೆ ಇಳಿದ ಕೂಡಲೇ ಹೆಡ್‌ಸೆಟ್‌ನಲ್ಲಿ ಬರೀ ಸರಸರ ಸದ್ದು. ದಿಬ್ಬ ಏರಿದರೆ ಮಾತು ಮತ್ತೆ ಸ್ಪಷ್ಟ. ನಮ್ಮ ರೇಡಿಯೋ ಬಳಸುವ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್) ಅಲೆಗಳಿಗೆ ಗುಡ್ಡ, ದಿಬ್ಬ ಅಡ್ಡ ಬರುತ್ತವೆ. 30 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದದ ಕಾಲುಭಾಗದಷ್ಟಿರುವ ಆಂಟೆನಾ ಅಂದರೆ ಸುಮಾರು 2.5 ಮೀಟರ್ ಕಡ್ಡಿ. ಗಾಡಿ ಕುಲುಕಿದಾಗ ಅದು ಬಳುಕುವುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದಿಬ್ಬ ಅಡ್ಡ ಬಂದಾಗ ನಡುವೆ ಒಂದು ರಿಲೇ ಗಾಡಿ, ಅಂದರೆ ಸಂದೇಶ ಪಡೆದು ಮುಂದಕ್ಕೆ ಕಳಿಸುವ ಗಾಡಿ, ನಿಲ್ಲಿಸುತ್ತಿದ್ದೆವು. ಮ್ಯಾನೆಟ್‌ನಲ್ಲಿ ಪ್ರತಿ ಗಾಡಿಯೂ ರಿಲೇನೇ. ಒಂದು ದಾರಿ ಕಡಿದರೆ ಪಕ್ಕದ ಗಾಡಿ ಮೂಲಕ ಸಂದೇಶ ಹೋಗುತ್ತದೆ.

ಉತ್ತರ 2: ಶತ್ರು ಜ್ಯಾಮ್ ಮಾಡುವುದನ್ನೂ, ಅಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ಬಿಟ್ಟು ಮಾತು ಕೆಡಿಸುವುದನ್ನೂ, ಸೇರಿಸಲಿ. ಅದನ್ನು ತಪ್ಪಿಸಲು ಅಮೆರಿಕ ಸೇನೆಯ ಸಿಂಗ್‌ಗಾರ್ಸ್ ರೇಡಿಯೋ ಸೆಕೆಂಡಿಗೆ ಸುಮಾರು 111 ಸಲ ಫ್ರೀಕ್ವೆನ್ಸಿ ಬದಲಿಸುತ್ತದೆ. ಎರಡೂ ಕಡೆಯ ರೇಡಿಯೋಗಳ ಗಡಿಯಾರ ಒಂದಕ್ಕೊಂದು ತಾಳೆಯಾಗದಿದ್ದರೆ ಏನೂ ಕೇಳಿಸದು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಗಾಡಿಗಳು ಜಾಸ್ತಿಯಾದರೆ?

ಉತ್ತರ 1: ಅದೇ ಕಷ್ಟದ ಜಾಗ ಮೇಡಂ. ದಾರಿ ಹುಡುಕುವ ಸಂದೇಶಗಳೇ ಚಾನೆಲ್ ತುಂಬಿಬಿಡುತ್ತವೆ. ಮಗಳು ಇದನ್ನೇ ಅಳೆಯಲಿ: ಮೊದಲು 5 ಗಾಡಿ, ಆಮೇಲೆ 20.