ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ, ಮನೆ ತುಂಬ ಚಿಗಟ: ದಯವಿಟ್ಟು ದಾರಿ ಹೇಳಿ

ಕೆಂಪುಹಂಚು, ಜುಲೈ 6

ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮೂರು ವಾರದ ಹಿಂದೆ ನಮ್ಮ ಬೆಕ್ಕು ಅಟ್ಟದ ಮೇಲೆ, ಹಳೆಯ ಗೋಣಿಚೀಲಗಳ ನಡುವೆ ಮೂರು ಮರಿ ಹಾಕಿತು. ಮಳೆ ಹಿಡಿದ ಮೇಲೆ ಮನೆಯೊಳಗೆ ಕಾಲಿಡಲು ಆಗುತ್ತಿಲ್ಲ. ಬೆಳಿಗ್ಗೆ ಎದ್ದರೆ ಅತ್ತೆಯವರ ಪಾದದಿಂದ ಮೊಣಕಾಲಿನವರೆಗೆ ಕೆಂಪು ದದ್ದು. ಬೆಕ್ಕು ಕಚ್ಚಿ ಕೆರೆದು ಬಾಲದ ಬುಡದ ಕೂದಲನ್ನೇ ಉದುರಿಸಿಕೊಂಡಿದೆ. ನಾಯಿ ಕರಿಯನೂ ರಾತ್ರಿಯೆಲ್ಲ ಒದ್ದಾಡುತ್ತಾನೆ.

ಬೇವಿನ ಸೊಪ್ಪಿನ ಹೊಗೆ ಹಾಕಿದೆವು, ಮೂಲೆ ಮೂಲೆಗೆ ಉಪ್ಪು ಚೆಲ್ಲಿದೆವು. ಪೇಟೆಯ ಅಂಗಡಿಯೊಂದರಲ್ಲಿ ನಾಯಿಯ ಕುತ್ತಿಗೆಗೆ ಹಾಕುವ ಹನಿ ಔಷಧಿ ಕೊಟ್ಟು, ಬೆಕ್ಕಿಗೆ ಅದರಲ್ಲೇ ಅರ್ಧ ಹಾಕಿದರೆ ಸಾಕು ಎಂದರು. ಕರಿಯನಿಗೆ ನಿನ್ನೆ ಹಾಕಿದ್ದೇವೆ. ಬೆಕ್ಕಿಗೆ ಇಂದು ಸಂಜೆ ಹಾಕಬೇಕೆಂದಿದ್ದೇನೆ. ಮರಿಗಳಿಗೂ ಒಂದೊಂದು ಹನಿ ಹಾಕಬಹುದೇ?

ನಿವೃತ್ತ ಪಶುವೈದ್ಯ, ಜುಲೈ 6

ತಾಯಿ, ಬೆಕ್ಕಿಗೂ ಮರಿಗಳಿಗೂ ಅದರ ಒಂದು ಹನಿಯೂ ಬೇಡ. ಪೊಟ್ಟಣದ ಮೇಲೆ ಪರ್ಮೆಥ್ರಿನ್ ಎಂದು ಬರೆದಿದೆಯೇ ನೋಡಿ ಕೂಡಲೇ ತಿಳಿಸಿ.

ಕೆಂಪುಹಂಚು, ಜುಲೈ 6

ಹೌದು, ಸಣ್ಣ ಅಕ್ಷರದಲ್ಲಿ ಇದೆ. ಕೈ ನಡುಗುತ್ತಿದೆ ಡಾಕ್ಟರೇ. ಇನ್ನೂ ಹಾಕಿಲ್ಲ.

ನಿವೃತ್ತ ಪಶುವೈದ್ಯ, ಜುಲೈ 6

ಬದುಕಿಸಿದಿರಿ. ನಾಯಿಯ ಮೈ ಪರ್ಮೆಥ್ರಿನ್ ಅನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಅದು ಸಾಧ್ಯವಾಗುವುದಿಲ್ಲ. ನಡುಕ ಶುರುವಾಗಿ, ಸೆಳೆತ ಬಂದು, ಪ್ರಾಣವೇ ಹೋಗಬಹುದು. ಅರ್ಧ ಹಾಕಿದರೂ ಅಪಾಯ ತಪ್ಪುವುದಿಲ್ಲ. ಇನ್ನು ಮೂರು ದಿನ ಬೆಕ್ಕು ಕರಿಯನ ಮಗ್ಗುಲಲ್ಲಿ ಮಲಗದಂತೆ, ಅವನನ್ನು ನೆಕ್ಕದಂತೆ ನೋಡಿಕೊಳ್ಳಿ. ಅದರ ಕಿವಿಯೋ ಮುಖವೋ ಅದುರುವುದು ಕಂಡರೆ ನಾಳೆಗೆ ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಹಳ್ಳಿಯಲ್ಲಿ ಬಳಸುವ ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ನೀರು, ಕರ್ಪೂರ ಕೂಡ ಬೆಕ್ಕಿನ ಮೈಗೆ ತಾಗಬಾರದು. ಅದು ದಿನವಿಡೀ ಮೈ ನೆಕ್ಕುವ ಪ್ರಾಣಿ. ಚರ್ಮಕ್ಕೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಬಾಲದ ಬುಡದಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿ. ಕರಿಮೆಣಸಿನ ಪುಡಿಯಂಥದ್ದು ಉದುರಿದರೆ ಅದನ್ನು ಒದ್ದೆ ಹತ್ತಿಯ ಮೇಲೆ ಇಡಿ.

ಕೆಂಪುಹಂಚು, ಜುಲೈ 7

ಇಟ್ಟೆ. ಎರಡು ನಿಮಿಷದಲ್ಲಿ ಪ್ರತಿ ಚುಕ್ಕಿಯ ಸುತ್ತಲೂ ತುಕ್ಕಿನ ಬಣ್ಣ ಹರಡಿತು, ಹಳೆಯ ರಕ್ತದ ಕಲೆಯ ಹಾಗೆ.

ಶಿರಸಿಯ ಓದುಗ, ಜುಲೈ 7

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಿಮ್ಮ ಕಡೆ ಮಂಗನ ಕಾಯಿಲೆ ಇದೆಯಲ್ಲ, ಅದು ಈ ಚಿಗಟದಿಂದ ಹರಡುವುದಿಲ್ಲವೇ? ನಮ್ಮ ಮನೆಯಲ್ಲೂ ನಾಯಿ ಇದೆ, ಅದಕ್ಕೇ ಭಯ.

ನಿವೃತ್ತ ಪಶುವೈದ್ಯ, ಜುಲೈ 7

ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯನ್ನು ಹರಡುವುದು ಉಣುಗು. ಉಣುಗಿಗೆ ಎಂಟು ಕಾಲು, ಚರ್ಮಕ್ಕೆ ಕಚ್ಚಿಕೊಂಡು ಕುಳಿತಲ್ಲೇ ಉಬ್ಬುತ್ತದೆ. ಚಿಗಟಕ್ಕೆ ಆರು ಕಾಲು, ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆ ಮೈ, ಬೆರಳು ಹತ್ತಿರ ಹೋಗುವಷ್ಟರಲ್ಲಿ ನೆಗೆದಿರುತ್ತದೆ. ಹಾಗೆಂದು ಚಿಗಟವನ್ನು ಹಗುರವಾಗಿ ನೋಡಬೇಡಿ. ಪ್ಲೇಗ್ ಇಲಿಯ ಚಿಗಟದಿಂದ ಹರಡುತ್ತದೆ ಎಂಬುದನ್ನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದವರು ಪಾಲ್ ಲೂಯಿ ಸಿಮಾಂಡ್. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ. ನಮ್ಮ ನಾಯಿ ಬೆಕ್ಕುಗಳ ಮೇಲೆ ಸಾಮಾನ್ಯವಾಗಿ ಇರುವುದು ಬೇರೆ ಜಾತಿ. ಅದು ತರುವ ದೊಡ್ಡ ತೊಂದರೆ ಲಾಡಿಹುಳು. ಮೈ ನೆಕ್ಕುವಾಗ ಚಿಗಟವನ್ನು ನುಂಗಿದರೆ ಹುಳು ಹೊಟ್ಟೆ ಸೇರುತ್ತದೆ. ಗುದದ ಬಳಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದೇ. ಅದಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆ ಇದೆ.

ಕೆಂಪುಹಂಚು ಅವರೇ, ಮೊದಲು ಮರಿಗಳ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ಚಿಗಟಗಳು ರಕ್ತ ಹೀರಿ ಮುಗಿಸುತ್ತಿವೆ ಎಂದರ್ಥ, ಆ ದಿನವೇ ವೈದ್ಯರ ಬಳಿ ಹೋಗಬೇಕು. ಮೂರು ವಾರದ ಮರಿಗೆ ಹನಿ ಔಷಧಿ ಬೇಡ. ದಿನಕ್ಕೆರಡು ಬಾರಿ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿ. ಬರಿಯ ನೀರಿನಲ್ಲಿ ಚಿಗಟ ತೇಲಿ ಹಾರಿ ಹೋಗುತ್ತದೆ, ಸೋಪಿದ್ದರೆ ಮುಳುಗುತ್ತದೆ. ತಾಯಿಬೆಕ್ಕಿಗೆ ಸೆಲಮೆಕ್ಟಿನ್ ಹನಿ ಕೇಳಿ ಪಡೆಯಿರಿ. ಹಾಲೂಡಿಸುತ್ತಿದ್ದರೂ ಹಾಕಬಹುದು, ತೂಕ ನೋಡಿ ವೈದ್ಯರೇ ಅಳತೆ ಹೇಳಲಿ. ಕುತ್ತಿಗೆಯ ಹಿಂಬದಿಯ ಬುಡದಲ್ಲಿ, ನಾಲಿಗೆ ನಿಲುಕದ ಕಡೆ, ಕೂದಲು ಸೀಳಿ ಚರ್ಮಕ್ಕೇ ಬಿಡಬೇಕು. ಕರಿಯನಿಗೆ ಹಾಕಿದ್ದರ ಮೇಲೆ ಈಗ ಇನ್ನೊಂದು ಬೇಡ. ಅದರ ಅವಧಿ ಮುಗಿದ ಮೇಲೆ ಫ್ಲುರಾಲನರ್ ಮಾತ್ರೆ ತಿನ್ನಿಸಬಹುದು, ಸುಮಾರು 12 ವಾರ ಚಿಗಟದಿಂದ ಕಾಯುತ್ತದೆ. ಬೆಕ್ಕಿರುವ ಮನೆಗೆ ಅದು ಒಳ್ಳೆಯದು. ಅವನಿಗೆ ಹಿಂದೆ ಮೂರ್ಛೆ ಬಂದಿದ್ದರೆ ಮಾತ್ರ ವೈದ್ಯರಿಗೆ ಮೊದಲೇ ಹೇಳಿ.

ಇಷ್ಟಾದರೂ ಕೆಲಸದ ದೊಡ್ಡ ಪಾಲು ಉಳಿದಿದೆ, ಅದು ಮನೆಯದು. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಮೊಟ್ಟೆ ನುಣುಪು, ಕೂದಲಿನಲ್ಲಿ ನಿಲ್ಲದೆ ಪ್ರಾಣಿ ಮಲಗಿದಲ್ಲೆಲ್ಲ ಉದುರುತ್ತದೆ. ಮರಿಹುಳು ಬೆಳಕಿಗೆ ಹೆದರಿ ಬಿರುಕಿಗೆ ಇಳಿಯುತ್ತದೆ, ನೀವು ಹತ್ತಿಯ ಮೇಲೆ ಕಂಡ ಆ ಒಣರಕ್ತದ ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಒಣ ಹವೆಯಲ್ಲಿ ಅದು ಬದುಕದು. ಮಲೆನಾಡಿನ ಆಷಾಢದ ತೇವವೆಂದರೆ ಅದಕ್ಕೆ ಹಬ್ಬ. ಚಿಗಟ ಎಲ್ಲಿ ಹೆಚ್ಚಿದೆ ಎಂದು ತಿಳಿಯಲು ಉದ್ದನೆಯ ಬಿಳಿ ಕಾಲುಚೀಲ ಹಾಕಿಕೊಂಡು ಒಂದೊಂದೇ ಕೋಣೆಯಲ್ಲಿ ನಿಧಾನವಾಗಿ ನಡೆಯಿರಿ.

ಕೆಂಪುಹಂಚು, ಜುಲೈ 9

ಒಸಡು ಗುಲಾಬಿಯಾಗಿದೆ, ಒಂದು ಮರಿಯದು ಸ್ವಲ್ಪ ಮಂಕು. ಪಶು ಆಸ್ಪತ್ರೆಗೆ ಹೋಗಿ ತೋರಿಸಿ ಬಂದೆವು, ತಾಯಿಗೆ ಸೆಲಮೆಕ್ಟಿನ್ ಅಲ್ಲೇ ಹಾಕಿದರು. ಮಗಳ ಶಾಲೆಯ ಕಾಲುಚೀಲ ಹಾಕಿಕೊಂಡು ನಡೆದೆ. ಜಗುಲಿಯಲ್ಲಿ ಎರಡು, ಅಡುಗೆಮನೆಯಲ್ಲಿ ಒಂದೂ ಇಲ್ಲ. ಅಟ್ಟದ ಏಣಿಯ ಬುಡದಲ್ಲಿ ನಿಂತದ್ದೇ ತಡ, ಹದಿನೇಳು! ಅಟ್ಟದ ಹಲಗೆಯ ಸಂದಿನಿಂದ ಕೆಳಗೆ ಉದುರುತ್ತಿವೆ. ನಮ್ಮವರು ತೋಟಕ್ಕೆ ಹೊಡೆಯುವ ಔಷಧಿಯನ್ನೇ ಅಟ್ಟಕ್ಕೂ ಹೊಡೆಯೋಣ ಎನ್ನುತ್ತಿದ್ದಾರೆ.

ನಿವೃತ್ತ ಪಶುವೈದ್ಯ, ಜುಲೈ 9

ಖಂಡಿತ ಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶಿಲೀಂಧ್ರದ ಔಷಧಿ, ಚಿಗಟಕ್ಕೆ ಏನೂ ಮಾಡದು. ಬೆಳೆಯ ಕೀಟನಾಶಕವಾದರೆ ನೀವು ಉಸಿರಾಡುವ ಮನೆಯೊಳಗೆ ಅದು ಬರಲೇಬಾರದು.

ಗೋಣಿಚೀಲಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಳಗಿಳಿಸಿ ಸುಟ್ಟುಬಿಡಿ. ಹಾಗೇ ಎಳೆದು ತಂದರೆ ದಾರಿಯುದ್ದಕ್ಕೂ ಮೊಟ್ಟೆ ಬಿತ್ತಿದಂತೆ. ಹಲಗೆಯ ಸಂದಿನ ಧೂಳನ್ನು ಗಟ್ಟಿ ಬ್ರಷ್‌ನಿಂದ ಕೆದಕಿ ತೆಗೆದು ಅದನ್ನೂ ಸುಡಿ. ಯಾರ ಮನೆಯಲ್ಲಾದರೂ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ತನ್ನಿ, ಅದಕ್ಕೆ ಸಮನಾದದ್ದಿಲ್ಲ. ಮರಿಗಳಿಗೆ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ. ಎರಡು ದಿನಕ್ಕೊಮ್ಮೆ ಅದನ್ನೂ ಕರಿಯನ ಹಾಸನ್ನೂ ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದ್ದಿ ಒಗೆದು, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ. ಬಿಸಿಲಿಲ್ಲದ ದಿನಗಳಲ್ಲಿ ನಿಮ್ಮ ಬಚ್ಚಲೊಲೆಯೇ ದೊಡ್ಡ ಔಷಧಿ.

ಕೆಂಪುಹಂಚು, ಜುಲೈ 27

ಎರಡು ವಾರ ಹೇಳಿದಂತೆಯೇ ನಡೆದುಕೊಂಡೆವು. ತಾಯಿಬೆಕ್ಕಿನ ಬಾಚಣಿಗೆಗೆ ಮೊದಲ ದಿನ 31 ಸಿಕ್ಕಿದ್ದವು, ಇಳಿದು ಇಳಿದು 2 ಆಗಿತ್ತು. ಮೊನ್ನೆ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆವು. ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಕಾಲಿಗೆ ಮುತ್ತಿಕೊಂಡವು. ಔಷಧಿ ಕೆಲಸ ಮಾಡಲಿಲ್ಲವೇ? ಅತ್ತೆಯವರು ಬೆಕ್ಕನ್ನೇ ಬಿಟ್ಟುಬರೋಣ ಎನ್ನುತ್ತಿದ್ದಾರೆ. ನನಗೆ ಅಳು ಬರುತ್ತಿದೆ.

ಮೂರು ಬೆಕ್ಕು, ಜುಲೈ 27

ಅಕ್ಕಾ, ಬೆಕ್ಕನ್ನು ಬಿಡಬೇಡಿ, ದಯವಿಟ್ಟು. ಬೆಕ್ಕು ಹೋದರೆ ಚಿಗಟಕ್ಕೆ ಉಳಿಯುವುದು ನಿಮ್ಮ ಕಾಲುಗಳೇ. ಮಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲೂ ಮೂರನೇ ವಾರ ಹೀಗೇ ಆಗಿತ್ತು.

ನಿವೃತ್ತ ಪಶುವೈದ್ಯ, ಜುಲೈ 27

ಅತ್ತೆಯವರಿಗೆ ಇದನ್ನು ಓದಿ ಹೇಳಿ. ಮರಿಹುಳು ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಗೂಡು ಅಂಟಂಟು, ಧೂಳು ಮೆತ್ತಿಕೊಂಡು ಕಣ್ಣಿಗೂ ಬೀಳದು, ಔಷಧಿಯೂ ಒಳಗೆ ಇಳಿಯದು. ತಿಂಗಳುಗಟ್ಟಲೆ ಹಾಗೇ ಕಾಯಬಲ್ಲದು. ನೆಲ ಅದುರಿದರೆ, ಬಿಸಿ ಮೈ ಹತ್ತಿರ ಬಂದರೆ, ಉಸಿರಿನ ಗಾಳಿ ತಾಗಿದರೆ ಕ್ಷಣದಲ್ಲಿ ಹೊರಬರುತ್ತದೆ. ನಾಲ್ಕು ದಿನ ಮನೆ ನಿಶ್ಶಬ್ದವಾಗಿತ್ತು, ನೀವು ಬಂದಿರಿ, ಸಿದ್ಧವಾಗಿದ್ದವೆಲ್ಲ ಒಟ್ಟಿಗೆ ಎದ್ದವು. ಈಗ ಕಂಡವು ಔಷಧಿ ಹಾಕುವ ಮೊದಲೇ ಇಟ್ಟ ಮೊಟ್ಟೆಗಳಿಂದ ಬಂದವು. ಔಷಧಿ ಹಾಕಿದ ಬೆಕ್ಕಿನ ಮೇಲೆ ಹಾರಿದರೆ ಅಲ್ಲೇ ಸಾಯುತ್ತವೆ, ಮತ್ತೆ ಮೊಟ್ಟೆ ಇಡಲಾರವು. ಬೆಕ್ಕು ಮನೆಯಲ್ಲೇ ಓಡಾಡಿಕೊಂಡಿರಲಿ.

ಮೂರು ತಿಂಗಳು, ಒಂದು ದಿನವೂ ತಪ್ಪದಂತೆ ತಾರೀಕು ಬರೆದಿಟ್ಟು ತಾಯಿಬೆಕ್ಕಿಗೆ ತಿಂಗಳಿಗೊಮ್ಮೆ ಹಾಕಿಸಿ. ಕರಿಯ ಹಗಲು ಎಲ್ಲಿ ಮಲಗುತ್ತಾನೆ? ಅದನ್ನು ಕೇಳಲು ನಾನೇ ಮರೆತೆ.

ಕೆಂಪುಹಂಚು, ಜುಲೈ 28

ಕೊಟ್ಟಿಗೆಯ ಪಕ್ಕದ ಒಣಹುಲ್ಲಿನಲ್ಲಿ! ನಾವು ಆ ಕಡೆ ನೋಡಿರಲೇ ಇಲ್ಲ. ಇವತ್ತು ಹುಲ್ಲು ತೆಗೆಸಿ ಸುಟ್ಟು, ಅವನಿಗೆ ಸಿಮೆಂಟು ಕಟ್ಟೆಯ ಮೇಲೆ ಒಗೆಯಬಹುದಾದ ಚಾಪೆ ಹಾಕಿದ್ದೇವೆ.

ಕೆಂಪುಹಂಚು, ಅಕ್ಟೋಬರ್ 11

ಸೆಪ್ಟೆಂಬರ್ ಕೊನೆಯಿಂದ ಬಾಚಣಿಗೆಗೆ ಒಂದೂ ಸಿಕ್ಕಿಲ್ಲ. ಇಂದು ಬಿಳಿ ಕಾಲುಚೀಲ ಹಾಕಿಕೊಂಡು ಏಣಿಯ ಬುಡದಲ್ಲಿ ಹತ್ತು ನಿಮಿಷ ನಿಂತೆ. ಕಾಲುಚೀಲ ಬೆಳ್ಳಗೇ ಇತ್ತು. ಮಂಕಾಗಿದ್ದ ಮರಿಯೇ ಈಗ ಮೂರರಲ್ಲಿ ದಪ್ಪ, ಅತ್ತೆಯವರ ಮಡಿಲಲ್ಲಿ ಮಲಗಿದೆ. ಕರಿಯನ ಮುಂದಿನ ಮಾತ್ರೆ ಅಕ್ಟೋಬರ್ 28ಕ್ಕೆ, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.